ಲೆಕ್ಕವೂ ದಾಸೋಹವೂ: ಅರ್ಥಶಾಸ್ತ್ರಜ್ಞ ವಿ. ಕೆ. ಆರ್. ವಿ. ರಾವ್ ಅವರ ಜೀವನಪಥ

ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ಅರಿಯದ ಮನೆ ನಮ್ಮ ಸಮಾಜದಲ್ಲಿ ವಿರಳ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆಕೆಯ ಪತಿ ಮಾರಯ್ಯನ ಕಾಯಕ. ಒಂದು ದಿನ ಆತನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಾದುದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಆ ಮಹಾತಾಯಿ ಹೇಳಿದಳು. ಈ ಪ್ರಸಂಗವನ್ನು ನಾವು ಸಾಮಾನ್ಯವಾಗಿ ನಿರಾಸೆಗೆ ದೃಷ್ಟಾಂತವಾಗಿ ಹೇಳುತ್ತ ಬಂದಿದ್ದೇವೆ. ವಿಚಾರಿಸಿ ನೋಡಿದರೆ ಇದು ಲೆಕ್ಕಕ್ಕೂ ದೃಷ್ಟಾಂತವೇ ಆಗಿದೆ. ತನ್ನ ಮನೆಯ ದಾಸೋಹಕ್ಕೆ ಎಷ್ಟು ಬೇಕೆಂಬುದನ್ನು ಖಚಿತವಾಗಿ ಅರಿತವಳಿಗಲ್ಲದೆ, ಬಂದುದು ಎಷ್ಟು ಹೆಚ್ಚೆಂಬುದು ಹೇಗೆ ತಿಳಿದೀತು? ಲೆಕ್ಕವೂ ದಾಸೋಹವೂ ಒಂದೇ ಒಲೆಯ ಮುಂದೆ ಕುಳಿತಿದ್ದ ಮನೆ ಅದು.

ಇಂದು ಇವೆರಡೂ ಬೇರೆಯಾಗಿವೆ. ಲೆಕ್ಕ ಬಲ್ಲವರು ಲಾಭದ ಕಡೆಗೂ, ದಾಸೋಹ ಮಾಡುವವರು ಲೆಕ್ಕವಿಲ್ಲದ ಔದಾರ್ಯದ ಕಡೆಗೂ ಸರಿದಿದ್ದಾರೆ. ಈ ಎರಡನ್ನು ಒಂದುಗೂಡಿಸಲು ಜೀವಮಾನವಿಡೀ ಯತ್ನಿಸಿದ ಅರ್ಥಶಾಸ್ತ್ರಜ್ಞರೊಬ್ಬರ ಚರಿತ್ರೆಯನ್ನು ವಾಚಕರ ಮುಂದಿಡಬೇಕೆಂಬುದು ನಮ್ಮ ಬಹುದಿನಗಳ ಇಚ್ಛೆ. ಅವರೇ ಡಾ. ವಿ. ಕೆ. ಆರ್. ವಿ. ರಾವ್. ಅವರು ಶರಣ ಪರಂಪರೆಯಲ್ಲಿ ಬೆಳೆದವರಲ್ಲ. ವಚನಗಳಿಂದಲೇ ಪ್ರೇರಣೆ ಪಡೆದರೆಂದು ನಾವು ಹೇಳುವುದೂ ಇಲ್ಲ. ಆದರೆ ಸತ್ಯವನ್ನು ಬೇರೆ ದಾರಿಯಿಂದ ನಡೆದು ಬಂದವರು ಮುಟ್ಟಿದಾಗ ಅದನ್ನು ಗುರುತಿಸಿ ಗೌರವಿಸುವುದು ಶರಣಧರ್ಮವೇ ಆಗಿದೆ.

ನಾಡಿನ ಅನ್ನವನ್ನು ಎಣಿಸಿದವರು

ರಾಯರು ಜನಿಸಿದ್ದು ೧೯೦೮ರ ಜುಲೈ ೮ರಂದು, ಕಾಂಚೀಪುರದಲ್ಲಿ. ಮುಂಬಯಿ ವಿಶ್ವವಿದ್ಯಾಲಯದಲ್ಲಿ ಓದಿ, ಭಾರತದ ಆದಾಯ ತೆರಿಗೆಯ ಕುರಿತು ೧೯೩೧ರಲ್ಲಿಯೇ ಪುಸ್ತಕ ಪ್ರಕಟಿಸಿ, ಮುಂದೆ ಇಂಗ್ಲೆಂಡಿನ ಕೇಂಬ್ರಿಜ್ ಸೇರಿದರು. ಜಗತ್ತಿನ ಆರ್ಥಿಕ ಚಿಂತನೆಯನ್ನೇ ತಿರುಗಿಸಿದ ಜಾನ್ ಮೇನಾರ್ಡ್ ಕೇನ್ಸ್ ಅವರು ಆಗ ಅಲ್ಲಿದ್ದರು. ರಾಯರಿಗೆ ೧೯೩೭ರಲ್ಲಿ ಡಾಕ್ಟರೇಟ್ ಪದವಿ ದೊರೆಯಿತು.

ಅವರು ಆರಿಸಿಕೊಂಡ ಪ್ರಶ್ನೆ ನೋಡಲು ಸರಳವಾದುದು: ಭಾರತೀಯರೆಲ್ಲ ಸೇರಿ ಒಂದು ವರ್ಷದಲ್ಲಿ ಎಷ್ಟು ದುಡಿದು ಎಷ್ಟು ಪಡೆಯುತ್ತಾರೆ? ಈ ಪ್ರಶ್ನೆಯನ್ನು ದಾದಾಭಾಯಿ ನವರೋಜಿಯವರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕೇಳಿದ್ದರು. ಆದರೆ ಅಂದಿನ ಲೆಕ್ಕಗಳು ಬಹುಮಟ್ಟಿಗೆ ಊಹೆಯನ್ನೇ ಆಶ್ರಯಿಸಿದ್ದವು. ಸರ್ಕಾರದ ಪರವಾದವರು ಒಂದು ಅಂಕಿ ಹೇಳಿದರೆ ದೇಶಾಭಿಮಾನಿಗಳು ಇನ್ನೊಂದನ್ನು ಹೇಳುತ್ತಿದ್ದರು. ರಾಯರು ಎರಡು ದಾರಿಗಳನ್ನು ಕೂಡಿಸಿದರು. ಹೊಲ, ಗಣಿ, ಕಾಡುಗಳಲ್ಲಿ ಎಷ್ಟು ಉತ್ಪನ್ನವಾಯಿತೆಂದು ಎಣಿಸುವುದು ಒಂದು. ವ್ಯಾಪಾರ, ನೌಕರಿ, ಕುಶಲಕರ್ಮಗಳಲ್ಲಿ ಇದ್ದವರಿಗೆ ಎಷ್ಟು ವರಮಾನ ಬಂದಿತೆಂದು ಎಣಿಸುವುದು ಇನ್ನೊಂದು. ಎತ್ತಿನ ದುಡಿಮೆ, ಮನೆಯ ಹಿತ್ತಿಲಿನ ಹಾಲು, ಸಂತೆಗೆ ಹೋಗದೆ ಮನೆಯಲ್ಲಿಯೇ ಉಂಡ ಧಾನ್ಯ, ಇವೆಲ್ಲವನ್ನೂ ಲೆಕ್ಕಕ್ಕೆ ತರುವುದು ಎಷ್ಟು ಕಷ್ಟವೆಂಬುದನ್ನು ಒಕ್ಕಲುತನದ ಮನೆಯವರು ಬಲ್ಲರು.

೧೯೩೧-೩೨ನೆಯ ವರ್ಷಕ್ಕೆ ಸಂಬಂಧಿಸಿದ ಅವರ ಗ್ರಂಥವು ೧೯೪೦ರಲ್ಲಿ ಹೊರಬಂದಿತು. ಬ್ರಿಟಿಷ್ ಭಾರತದ ಪ್ರಜೆಯೊಬ್ಬನ ಸರಾಸರಿ ವಾರ್ಷಿಕ ವರಮಾನವು ೬೫ ರೂಪಾಯಿಯನ್ನು ಮೀರದೆಂದು ಅದರಿಂದ ತಿಳಿಯಿತು. ದಿನಕ್ಕೆ ಮೂರಾಣೆಗೂ ಕಡಿಮೆ! ಇದು ಸರಾಸರಿ ಎಂಬುದನ್ನು ಮರೆಯಬಾರದು. ಸಂಸ್ಥಾನಿಕರನ್ನು ಹೋಲುವ ಜಮೀನುದಾರನನ್ನೂ ಗಿರಣಿಯ ಮಾಲೀಕನನ್ನೂ ಸೇರಿಸಿಕೊಂಡು ಬಂದ ಅಂಕಿ ಇದಾದುದರಿಂದ, ಕೂಲಿಯವನ ಪಾಲು ಇದಕ್ಕಿಂತಲೂ ಕೆಳಗಿತ್ತು. ಬಡತನದ ವಿಷಯದಲ್ಲಿ ಆವೇಶದ ಭಾಷಣ ಮಾಡಿದವರು ಅನೇಕರು. ರಾಯರು ಆವೇಶಪಡದೆ ಎಣಿಸಿದರು. ಆ ಎಣಿಕೆಯ ಮುಂದೆ ಆಳುವವರ ಸಮಾಧಾನದ ಮಾತುಗಳು ನಿಲ್ಲದಾದವು. ಸ್ವಾತಂತ್ರ್ಯಾನಂತರ ೧೯೪೯ರಲ್ಲಿ ಭಾರತ ಸರ್ಕಾರವು ರಾಷ್ಟ್ರೀಯ ವರಮಾನ ಸಮಿತಿಯನ್ನು ನೇಮಿಸಿದಾಗ ಪಿ. ಸಿ. ಮಹಲನೋಬಿಸ್ ಮತ್ತು ಡಿ. ಆರ್. ಗಾಡ್ಗೀಳ್ ಅವರೊಡನೆ ರಾಯರೂ ಅದರಲ್ಲಿದ್ದುದು ಸಹಜವೇ ಆಗಿತ್ತು.

ವಿಶ್ವಸಭೆಯಲ್ಲಿ ಒಂದು ಪ್ರಶ್ನೆ

ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಭಾರತದಲ್ಲಿ ಅನ್ನದ ಅಭಾವ ಭೀಕರವಾಗಿತ್ತು. ೧೯೪೩ರ ಬಂಗಾಳದ ಕ್ಷಾಮದಲ್ಲಿ ಲಕ್ಷಾಂತರ ಜನರು ಮಡಿದಿದ್ದರು. ೧೯೪೬-೪೭ರಲ್ಲಿ ರಾಯರು ಭಾರತದ ಆಹಾರ ಮತ್ತು ಆರ್ಥಿಕ ಸಲಹೆಗಾರರಾಗಿ ವಾಷಿಂಗ್ಟನ್ನಿನಲ್ಲಿದ್ದರು. ತನ್ನವರ ಹಸಿವಿನ ಲೆಕ್ಕವನ್ನು ಹಿಡಿದುಕೊಂಡು ಪರರ ಕಣಜದ ಬಾಗಿಲಲ್ಲಿ ನಿಲ್ಲುವ ಹೊಣೆ ಎಂಥದೆಂಬುದನ್ನು ವಿವರಿಸಬೇಕಾಗಿಲ್ಲ.

೧೯೪೭ರಲ್ಲಿ ಅವರು ವಿಶ್ವಸಂಸ್ಥೆಯ ಆರ್ಥಿಕ ಅಭಿವೃದ್ಧಿ ಉಪ ಆಯೋಗದ ಅಧ್ಯಕ್ಷರಾದರು. ೧೯೫೦ರವರೆಗೆ ಆ ಸ್ಥಾನದಲ್ಲಿದ್ದರು. ಅವರ ಮುಂದಿದ್ದ ಸಮಸ್ಯೆ ಹೀಗಿತ್ತು. ೧೯೪೪ರ ಬ್ರೆಟನ್ ವುಡ್ಸ್ ಸಮ್ಮೇಳನದ ಫಲವಾಗಿ ವಿಶ್ವ ಬ್ಯಾಂಕು ಸ್ಥಾಪಿತವಾಗಿತ್ತು. ಅದು ಮಾರುಕಟ್ಟೆಯಲ್ಲಿ ಸಾಲಪತ್ರಗಳನ್ನು ಮಾರಿ ಹಣ ತಂದು, ಬಡ್ಡಿಯೊಡನೆ ಮರಳಿಸಬಲ್ಲ ಯೋಜನೆಗಳಿಗೆ ಸಾಲ ಕೊಡುತ್ತಿತ್ತು. ಭಾರತಕ್ಕೂ ೧೯೪೯ರಲ್ಲಿ ರೈಲ್ವೆಗಾಗಿ ೩.೪ ಕೋಟಿ ಡಾಲರುಗಳ ಸಾಲ ದೊರೆಯಿತು. ರೈಲು ಓಡಿದರೆ ಟಿಕೇಟಿನ ಹಣ ಬರುತ್ತದೆ, ಬಡ್ಡಿ ಕಟ್ಟಬಹುದು. ಆದರೆ ಶಾಲೆ ಕಟ್ಟಿದರೆ, ಮಲೇರಿಯಾ ನಿವಾರಿಸಿದರೆ, ಕುಡಿಯುವ ನೀರು ಕೊಟ್ಟರೆ ಮುಂದಿನ ವರ್ಷವೇ ಬಡ್ಡಿ ಹುಟ್ಟುವುದೆಲ್ಲಿಂದ? ಅವುಗಳ ಫಲವು ಬರುವುದು ಒಂದು ತಲೆಮಾರಿನ ಅನಂತರ. ಅದೇ ಕಾಲದಲ್ಲಿ, ಅಂದರೆ ೧೯೪೮ರಿಂದ, ಅಮೆರಿಕವು ಮಾರ್ಷಲ್ ಯೋಜನೆಯ ಮೂಲಕ ಪಶ್ಚಿಮ ಯೂರೋಪಿಗೆ ಸುಮಾರು ೧,೩೦೦ ಕೋಟಿ ಡಾಲರುಗಳ ನೆರವನ್ನು, ಬಹುಪಾಲು ಮರಳಿಸಬೇಕಾಗಿಲ್ಲದ ರೂಪದಲ್ಲಿ, ಕೊಡತೊಡಗಿತ್ತು. ಯುದ್ಧದಿಂದ ಕೆಟ್ಟವರಿಗೆ ದೊರೆಯುವುದು ದಾಸ್ಯದಿಂದ ಕೆಟ್ಟವರಿಗೇಕೆ ದೊರೆಯಬಾರದು?

ರಾಯರು ೧೯೪೯ರಲ್ಲಿ ವಿಶ್ವಸಂಸ್ಥೆಯ ಆರ್ಥಿಕ ಅಭಿವೃದ್ಧಿ ಆಡಳಿತ ಎಂಬ ಹೊಸದೊಂದು ವ್ಯವಸ್ಥೆಯನ್ನು ಸೂಚಿಸಿದರು. ವ್ಯಾಪಾರದ ಕಟ್ಟುನಿಟ್ಟಿನ ನಿಯಮಗಳಿಗೆ ಒಳಪಡದ, ಆದರೂ ನಾಡಿನ ಏಳಿಗೆಗೆ ಅವಶ್ಯವಾದ ಕೆಲಸಗಳಿಗೆ ಇದರ ಮೂಲಕ ಹಣ ಒದಗಬೇಕು. ಬಡ್ಡಿ ಹಗುರವಾಗಿರಬೇಕು, ಅವಧಿ ದೀರ್ಘವಾಗಿರಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಇದು ಎಲ್ಲ ರಾಷ್ಟ್ರಗಳ ಸಮಾನ ಸಭೆಯಾದ ವಿಶ್ವಸಂಸ್ಥೆಯ ಅಂಗವಾಗಿರಬೇಕು. ಶ್ರೀಮಂತ ರಾಷ್ಟ್ರಗಳ ಪ್ರತಿನಿಧಿಗಳು ಒಪ್ಪಲಿಲ್ಲ. ಖಾಸಗಿ ಬಂಡವಾಳವೂ ವಿಶ್ವ ಬ್ಯಾಂಕೂ ಸಾಕೆಂಬುದು ಅವರ ವಾದ. ಆದರೂ ಆ ವಿಚಾರವು ಸಾಯಲಿಲ್ಲ. ಮುಂದಿನ ವರ್ಷಗಳಲ್ಲಿ ಬೇರೆ ಬೇರೆ ಹೆಸರುಗಳಿಂದ ಮತ್ತೆ ಮತ್ತೆ ಚರ್ಚೆಗೆ ಬಂದಿತು. ಆ ಹೆಸರಿನ ಬಗೆಗೆ ಒಂದು ವಿನೋದವುಂಟು. ಆರ್ಥಿಕ ಅಭಿವೃದ್ಧಿಗಾಗಿ ವಿಶ್ವಸಂಸ್ಥೆಯ ನಿಧಿ ಎಂಬುದರ ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿದರೆ 'ಅನ್‌ಫೆಡ್' ಎಂದಾಗುತ್ತಿತ್ತು. ಆ ಭಾಷೆಯಲ್ಲಿ ಅದಕ್ಕೆ ಉಣಿಸು ದೊರೆಯದವನು ಎಂದರ್ಥ. ಆದುದರಿಂದ ಮುಂದೆ 'ವಿಶೇಷ' ಎಂಬ ಪದವನ್ನು ಸೇರಿಸಿ 'ಸನ್‌ಫೆಡ್' ಎಂದು ಕರೆದರು. ಹೆಸರಿನಿಂದ ಹಸಿವನ್ನು ತೆಗೆದುಹಾಕುವುದು ಸುಲಭವಾಯಿತು. ಜಗತ್ತಿನಿಂದ ತೆಗೆಯುವುದು ಅಷ್ಟು ಸುಲಭವಾಗಲಿಲ್ಲ.

ಕೊಡುವ ಕೈ ಎಲ್ಲಿರಬೇಕು?

ಇಲ್ಲಿ ವಾಚಕರು ಒಂದು ಕ್ಷಣ ನಿಂತು ಯೋಚಿಸಬೇಕೆಂದು ಕೋರುತ್ತೇವೆ. ಈ ವಾದವು ಕೇವಲ ಬಡ್ಡಿಯ ದರವನ್ನು ಕುರಿತದ್ದಾಗಿರಲಿಲ್ಲ. ಕೊಡುವವನಿಗೂ ಪಡೆಯುವವನಿಗೂ ಇರಬೇಕಾದ ಸಂಬಂಧ ಎಂಥದು ಎಂಬುದೇ ಅದರ ತಿರುಳು. ದಾನದಲ್ಲಿ ಕೊಡುವ ಕೈ ಮೇಲಿರುತ್ತದೆ, ಪಡೆಯುವ ಕೈ ಕೆಳಗಿರುತ್ತದೆ. ದಾಸೋಹದಲ್ಲಿಯಾದರೋ ಕೊಡುವವನೇ ದಾಸ; ಪಡೆಯುವವನು ಪ್ರಸಾದವನ್ನು ಪಡೆಯುತ್ತಾನೆಯೇ ಹೊರತು ಭಿಕ್ಷೆಯನ್ನಲ್ಲ. ನಾವು ಬಾಲ್ಯದಲ್ಲಿ ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರು. ಸುತ್ತಲಿನ ಹಳ್ಳಿಗಳಿಂದ ಜೋಳದ ಚೀಲಗಳು ಬರುತ್ತಿದ್ದವು. ಹತ್ತು ಚೀಲ ಕೊಟ್ಟ ಗೌಡರೂ ಒಂದು ಬೊಗಸೆ ಕೊಟ್ಟ ವಿಧವೆಯೂ ಜಾತ್ರೆಯ ದಿನ ಒಂದೇ ಪಂಕ್ತಿಯಲ್ಲಿ ನಮ್ಮೊಡನೆ ಕುಳಿತು ಅದೇ ಸಾರನ್ನು ಉಣ್ಣುತ್ತಿದ್ದರು. ಯಾರ ಚೀಲದ ಜೋಳವನ್ನು ಯಾರು ಉಂಡರೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಕೋಠಿಯ ಪುಸ್ತಕದಲ್ಲಿ ಪ್ರತಿ ಸೇರಿಗೂ ಲೆಕ್ಕವಿರುತ್ತಿತ್ತು. ತಿಂಗಳ ಕೊನೆಗೆ ಆ ಪುಸ್ತಕವನ್ನು ಎಲ್ಲರ ಮುಂದೆ ಓದಲಾಗುತ್ತಿತ್ತು.

ಲೆಕ್ಕವಿದ್ದರೂ ಋಣಭಾರವಿಲ್ಲದ ಇಂಥದೊಂದು ಪಂಕ್ತಿಯನ್ನು ರಾಷ್ಟ್ರಗಳ ನಡುವೆ ಏರ್ಪಡಿಸುವುದು ಸಾಧ್ಯವೇ ಎಂಬುದೇ ರಾಯರ ಪ್ರಶ್ನೆಯೆಂದು ನಾವು ಭಾವಿಸುತ್ತೇವೆ. ಅವರು ಕೇಳಿದ್ದು ಲೆಕ್ಕವಿಲ್ಲದ ಹಣವನ್ನಲ್ಲ. ಯೋಜನೆ ಇರಲಿ, ಪರಿಶೀಲನೆ ಇರಲಿ, ಮರುಪಾವತಿಯೂ ಇರಲಿ; ಆದರೆ ಹಸಿದವನ ಶಕ್ತಿಯನ್ನು ನೋಡಿ ಅವಧಿಯನ್ನು ನಿಗದಿಪಡಿಸಿರಿ, ಪಂಕ್ತಿಯಲ್ಲಿ ಅವನಿಗೂ ಸಮನಾದ ಸ್ಥಾನವನ್ನು ಕೊಡಿರಿ ಎಂಬುದು ಅವರ ಸೂಚನೆಯ ಸಾರ.

ಅರ್ಧ ಗೆಲುವು

೧೯೫೮ರಲ್ಲಿ ಅಮೆರಿಕದ ಸೆನೆಟ್ ಸದಸ್ಯ ಮಾನ್ರೋನಿಯವರು ಹಗುರ ಷರತ್ತಿನ ಸಾಲಕ್ಕಾಗಿ ಪ್ರತ್ಯೇಕ ಸಂಸ್ಥೆಯೊಂದನ್ನು ವಿಶ್ವ ಬ್ಯಾಂಕಿನ ಆಶ್ರಯದಲ್ಲಿ ತೆರೆಯಬೇಕೆಂಬ ನಿರ್ಣಯವನ್ನು ಮಂಡಿಸಿದರು. ೧೯೬೦ರ ಸೆಪ್ಟೆಂಬರ್ ೨೪ರಂದು ಅಂತರರಾಷ್ಟ್ರೀಯ ಅಭಿವೃದ್ಧಿ ಸಂಘವು ಅಸ್ತಿತ್ವಕ್ಕೆ ಬಂದಿತು. ಅದರ ಆರಂಭದ ಷರತ್ತುಗಳನ್ನು ನೋಡಿರಿ: ಮರುಪಾವತಿಗೆ ೫೦ ವರ್ಷಗಳ ಅವಧಿ, ಮೊದಲ ೧೦ ವರ್ಷ ಕಂತಿಲ್ಲ, ಬಡ್ಡಿಯಿಲ್ಲ, ನಿರ್ವಹಣೆಯ ವೆಚ್ಚವೆಂದು ನೂರಕ್ಕೆ ಮುಕ್ಕಾಲು ಮಾತ್ರ. ೧೯೪೯ರಲ್ಲಿ ಅಸಾಧ್ಯವೆಂದು ತಳ್ಳಿಹಾಕಿದ್ದು ಹನ್ನೊಂದು ವರ್ಷಗಳಲ್ಲಿ ನಿಯಮವಾಗಿ ಬಂದಿತ್ತು. ಮೊದಲ ಸಾಲಗಳನ್ನು ಪಡೆದ ದೇಶಗಳಲ್ಲಿ ಭಾರತವೂ ಒಂದು.

ಆದರೆ ಇದನ್ನು ರಾಯರ ಪೂರ್ಣ ವಿಜಯವೆಂದು ಬರೆದರೆ ಸತ್ಯಕ್ಕೆ ಅಪಚಾರವಾದೀತು. ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ರಾಷ್ಟ್ರಕ್ಕೊಂದು ಮತ. ವಿಶ್ವ ಬ್ಯಾಂಕಿನಲ್ಲಿ ಮತದ ತೂಕವು ಹೂಡಿದ ಹಣವನ್ನು ಅನುಸರಿಸುತ್ತದೆ. ಹೊಸ ಸಂಘವು ಸ್ಥಾಪಿತವಾದದ್ದು ಬ್ಯಾಂಕಿನಲ್ಲಿಯೇ. ಸನ್‌ಫೆಡ್‌ಗಾಗಿ ಬಡ ರಾಷ್ಟ್ರಗಳು ಹಾಕುತ್ತಿದ್ದ ಒತ್ತಾಯವನ್ನು ತಣಿಸುವ ಉದ್ದೇಶವೂ ಇದರ ಹಿಂದಿದ್ದಿತೆಂಬುದನ್ನು ಅಂದಿನ ಬ್ಯಾಂಕಿನ ಅಧ್ಯಕ್ಷ ಯೂಜೀನ್ ಬ್ಲ್ಯಾಕ್ ಅವರೂ ಮರೆಮಾಡಲಿಲ್ಲ. ಬಡ್ಡಿ ಹೋಯಿತು, ಆದರೆ ಪಂಕ್ತಿಭೇದ ಹೋಗಲಿಲ್ಲ. ಇತ್ತ ವಿಶ್ವಸಂಸ್ಥೆಯಲ್ಲಿ ೧೯೫೮ರಲ್ಲಿ ಚಿಕ್ಕದೊಂದು ವಿಶೇಷ ನಿಧಿಯು ನಿರ್ಮಾಣವಾಗಿ, ೧೯೬೫ರಲ್ಲಿ ತಾಂತ್ರಿಕ ನೆರವಿನ ಕಾರ್ಯಕ್ರಮದೊಡನೆ ಕೂಡಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಎಂಬ ಹೆಸರು ತಾಳಿತು.

ಅರ್ಧ ಗೆಲುವೂ ನಿಷ್ಫಲವಾಗಲಿಲ್ಲ. ಅನೇಕ ದಶಕಗಳ ಕಾಲ ಈ ಸಂಘದಿಂದ ಅತಿ ಹೆಚ್ಚಿನ ನೆರವನ್ನು ಪಡೆದ ದೇಶ ಭಾರತವೇ. ನಮ್ಮ ನಾಡಿನ ಹಳೆಯ ಕೆರೆಗಳ ಹೂಳೆತ್ತಿ ದುರಸ್ತಿಗೊಳಿಸಲು ಗ್ರಾಮಸ್ಥರ ಸಂಘಗಳ ಮೂಲಕ ೨೦೦೨ರಲ್ಲಿ ಆರಂಭವಾದ ಕೆರೆ ನಿರ್ವಹಣಾ ಯೋಜನೆಗೂ ಅಲ್ಲಿಂದಲೇ ಹಣ ಬಂದಿತು. ೨೦೧೪ರಲ್ಲಿ ಭಾರತವು ಈ ನೆರವಿಗೆ ಅರ್ಹವಾದ ಬಡತನದ ಮಿತಿಯನ್ನು ದಾಟಿತು. ಅಷ್ಟರಲ್ಲಿ ಕೊಡುವ ರಾಷ್ಟ್ರಗಳ ಸಾಲಿನಲ್ಲಿಯೂ ಹೆಸರು ಬರೆಸಿತ್ತು. ಉಂಡವನು ಮುಂದೆ ಉಣಬಡಿಸುವವನಾಗುವುದೇ ದಾಸೋಹದ ಸಾರ್ಥಕ್ಯವಲ್ಲವೇ?

ಗುರುವಿನ ಮಾತನ್ನು ಪರೀಕ್ಷಿಸಿದ ಶಿಷ್ಯ

ರಾಯರು ಪಶ್ಚಿಮದಿಂದ ಕಲಿತರು, ಆದರೆ ಕಲಿತದ್ದನ್ನೆಲ್ಲ ಕಣ್ಣು ಮುಚ್ಚಿ ಒಪ್ಪಲಿಲ್ಲ. ಸರ್ಕಾರವು ಹಣ ವೆಚ್ಚ ಮಾಡಿದರೆ ಆ ಹಣ ಕೈಯಿಂದ ಕೈಗೆ ಹರಿದು ಉತ್ಪಾದನೆಯೂ ಉದ್ಯೋಗವೂ ಹಲವು ಪಟ್ಟು ಹೆಚ್ಚುತ್ತವೆಯೆಂಬುದು ಕೇನ್ಸ್ ಅವರ ಪ್ರಸಿದ್ಧ ಸಿದ್ಧಾಂತ. ೧೯೫೨ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ರಾಯರು ಇದು ಭಾರತದಂಥ ದೇಶದಲ್ಲಿ ಹಾಗೆಯೇ ನಡೆಯದೆಂದು ತೋರಿಸಿದರು. ಇಂಗ್ಲೆಂಡಿನಲ್ಲಿ ಯಂತ್ರವೂ ಇದೆ, ಕಾರ್ಮಿಕನೂ ಇದ್ದಾನೆ. ಎರಡೂ ಸುಮ್ಮನೆ ಕುಳಿತಿವೆ, ಹಣ ಬಂದರೆ ಏಳುತ್ತವೆ. ನಮ್ಮಲ್ಲಿ ಕೈಗಳಿವೆ, ಯಂತ್ರಗಳಿಲ್ಲ, ಹೊಲವಿದೆ, ನೀರಿಲ್ಲ. ಬರಿಯ ಹಣವನ್ನು ಸುರಿದರೆ ಜೋಳ ಹೆಚ್ಚುವುದಿಲ್ಲ, ಜೋಳದ ಬೆಲೆ ಹೆಚ್ಚುತ್ತದೆ. ಗುರುವಿನಲ್ಲಿ ಭಕ್ತಿಯಿರಲಿ, ಆದರೆ ಅನುಭವದಿಂದ ಪರೀಕ್ಷಿಸದೆ ಯಾವುದನ್ನೂ ಸ್ವೀಕರಿಸಬಾರದೆಂಬುದು ಅನುಭವ ಮಂಟಪದ ಪಾಠವೂ ಹೌದು.

ಬಳ್ಳಾರಿಯ ಪ್ರತಿನಿಧಿ

ವಿದ್ವಾಂಸರಾಗಿ ಅವರು ಕಟ್ಟಿದ ಸಂಸ್ಥೆಗಳು ಅವರ ಗ್ರಂಥಗಳಷ್ಟೇ ಮಹತ್ವದವು. ೧೯೪೯ರಲ್ಲಿ ದೆಹಲಿಯ ಸ್ಕೂಲ್ ಆಫ್ ಇಕನಾಮಿಕ್ಸ್, ೧೯೫೮ರಲ್ಲಿ ಅಲ್ಲಿಯೇ ಇನ್‌ಸ್ಟಿಟ್ಯೂಟ್ ಆಫ್ ಎಕನಾಮಿಕ್ ಗ್ರೋತ್, ೧೯೭೨ರಲ್ಲಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, ಈ ಮೂರೂ ಅವರ ಸಂಕಲ್ಪದಿಂದ ಹುಟ್ಟಿದವು. ದೆಹಲಿ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ ಮೈಸೂರಿನ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರನ್ನು ಕರೆತಂದು ೧೯೫೯ರಲ್ಲಿ ಸಮಾಜಶಾಸ್ತ್ರದ ವಿಭಾಗವನ್ನು ತೆರೆಸಿದರು. ಬೆಂಗಳೂರಿನ ಸಂಸ್ಥೆಯಲ್ಲಿಯೂ ಶ್ರೀನಿವಾಸರು ಅವರ ಜೊತೆಗಾರರಾದರು. ಹಳ್ಳಿಯ ಜನರ ನಡೆನುಡಿಗಳನ್ನು ಅರಿಯದ ಅರ್ಥಶಾಸ್ತ್ರವು ಕುಂಟೆಂಬ ನಂಬಿಕೆ ಇದರಲ್ಲಿ ಕಾಣುತ್ತದೆ.

೧೯೬೩ರಿಂದ ೧೯೬೬ರವರೆಗೆ ಯೋಜನಾ ಆಯೋಗದ ಸದಸ್ಯರಾಗಿದ್ದ ರಾಯರು ೧೯೬೭ರಲ್ಲಿ ಬಳ್ಳಾರಿ ಕ್ಷೇತ್ರದಿಂದ ಲೋಕಸಭೆಗೆ ಚುನಾಯಿತರಾದರು. ೧೯೭೧ರಲ್ಲಿ ಮತ್ತೆ ಆಯ್ಕೆಯಾದರು. ಬಳ್ಳಾರಿ ಎಂದರೆ ೧೮೭೬-೭೮ರ ಮಹಾಕ್ಷಾಮದ ಗಾಯವನ್ನು ಅನುಭವಿಸಿದ ಸೀಮೆ. ೧೯೫೩ರಲ್ಲಿ ಮದರಾಸಿನಿಂದ ಬೇರ್ಪಟ್ಟು ಮೈಸೂರನ್ನು ಸೇರಿದ ಜಿಲ್ಲೆ. ಒಂದು ಕಡೆ ತುಂಗಭದ್ರೆಯ ಕಾಲುವೆಯ ಹಸುರು, ಇನ್ನೊಂದು ಕಡೆ ಮಳೆಯನ್ನೇ ನಂಬಿದ ಎರೆಹೊಲ. ಜಗತ್ತಿನ ಸಭೆಯಲ್ಲಿ ನೀರಿಲ್ಲದ ಹೊಲದ ಪರವಾಗಿ ವಾದಿಸಿದವರಿಗೆ ಇದಕ್ಕಿಂತ ತಕ್ಕ ಕ್ಷೇತ್ರ ಬೇರೊಂದಿರಲಾರದು.

ಕೇಂದ್ರದಲ್ಲಿ ಅವರು ಮೊದಲು ಸಾರಿಗೆ ಮತ್ತು ನೌಕಾಯಾನ ಖಾತೆಯನ್ನೂ, ೧೯೬೯ರಿಂದ ೧೯೭೧ರವರೆಗೆ ಶಿಕ್ಷಣ ಖಾತೆಯನ್ನೂ ನಿರ್ವಹಿಸಿದರು. ಗಾಂಧೀಜಿಯವರ ಜನ್ಮಶತಮಾನದ ವರ್ಷವಾದ ೧೯೬೯ರ ಸೆಪ್ಟೆಂಬರ್ ೨೪ರಂದು ೩೭ ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಯನ್ನು ಅವರು ಆರಂಭಿಸಿದರು. ಅಂತರರಾಷ್ಟ್ರೀಯ ಅಭಿವೃದ್ಧಿ ಸಂಘವು ಹುಟ್ಟಿದ ದಿನಕ್ಕೆ ಸರಿಯಾಗಿ ಒಂಬತ್ತು ವರ್ಷಗಳ ಅನಂತರ ಇದು ಕೂಡಿಬಂದುದು ಕಾಕತಾಳೀಯವೇ ಇರಬಹುದು. ಆದರೆ ಎರಡರ ಹಿಂದಿನ ಭಾವ ಒಂದೇ. ನಮ್ಮ ಮನೆಗಳ ಎಷ್ಟೋ ಮಕ್ಕಳು ಕಾಲೇಜಿನಿಂದ ಹಳ್ಳಿಗೆ ಹೋಗಿ ರಸ್ತೆ ಮಾಡಿದ್ದು, ಬಾವಿ ಶುಚಿಗೊಳಿಸಿದ್ದು, ಗಿಡ ನೆಟ್ಟದ್ದು ಈ ಯೋಜನೆಯಿಂದಲೇ. ಅವರಲ್ಲಿ ಇದರ ಆರಂಭಕರ ಹೆಸರನ್ನು ಬಲ್ಲವರು ಎಷ್ಟು ಮಂದಿ?

ಮಂತ್ರಿಪದವಿ ಮುಗಿದ ಮೇಲೆ ರಾಯರು ಅಧಿಕಾರದ ಬಾಗಿಲನ್ನು ಕಾಯುತ್ತ ಕುಳಿತುಕೊಳ್ಳಲಿಲ್ಲ. ಬೆಂಗಳೂರಿನ ಹೊಸ ಸಂಸ್ಥೆಯ ನಿರ್ದೇಶಕರಾಗಿ ಮರಳಿ ಕಾಯಕಕ್ಕೆ ನಿಂತರು. ೧೯೭೪ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಬಂದಿತು. ಗಾಂಧೀಜಿಯವರ ಆರ್ಥಿಕ ದೃಷ್ಟಿಯ ಕುರಿತೂ ಸ್ವಾಮಿ ವಿವೇಕಾನಂದರ ಕುರಿತೂ ಗ್ರಂಥಗಳನ್ನು ರಚಿಸಿದರು. ಅಂಕಿಗಳೊಡನೆ ಆರಂಭವಾದ ಬದುಕು ಆತ್ಮಚಿಂತನೆಯ ಕಡೆಗೆ ಹರಿದುದು ಇದರಿಂದ ತಿಳಿಯುತ್ತದೆ. ೧೯೯೧ರ ಜುಲೈ ೨೫ರಂದು ಅವರು ಲಿಂಗೈಕ್ಯರಾದರೆಂದು ಬರೆಯಲು ನಮ್ಮ ಲೇಖನಿ ತವಕಿಸುತ್ತದೆ; ಅವರು ಅನ್ಯ ಸಂಪ್ರದಾಯದವರಾದುದರಿಂದ ದಿವಂಗತರಾದರೆನ್ನುತ್ತೇವೆ. ಅದರ ಹಿಂದಿನ ದಿನವೇ, ಒಮ್ಮೆ ದೆಹಲಿ ಸ್ಕೂಲಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಮನಮೋಹನ ಸಿಂಗರು ಅರ್ಥಮಂತ್ರಿಗಳಾಗಿ ದೇಶದ ಆರ್ಥಿಕ ನೀತಿಯನ್ನು ಬದಲಿಸಿದ ಮುಂಗಡಪತ್ರವನ್ನು ಸಂಸತ್ತಿನಲ್ಲಿ ಮಂಡಿಸಿದ್ದರು. ಒಂದು ಯುಗ ಮುಗಿದು ಇನ್ನೊಂದು ತೆರೆದಿತ್ತು.

ನಮ್ಮ ಮನೆಗಳಿಗೆ

ಆ ಹೊಸ ಯುಗದಲ್ಲಿ ನಮ್ಮ ಸಮಾಜದ ಮಕ್ಕಳು ವಾಣಿಜ್ಯ, ಅರ್ಥಶಾಸ್ತ್ರ, ಲೆಕ್ಕಪರಿಶೋಧನೆಗಳನ್ನು ಹೆಚ್ಚು ಹೆಚ್ಚಾಗಿ ಓದತೊಡಗಿದ್ದಾರೆ; ದೇಶವಿದೇಶಗಳ ಬ್ಯಾಂಕುಗಳಲ್ಲಿ ದುಡಿಯುತ್ತಿದ್ದಾರೆ. ಇದು ಸಂತೋಷದ ವಿಷಯ. ತಂದೆತಾಯಂದಿರು ಮಗನ ಸಂಬಳವೆಷ್ಟೆಂದು ಹೆಮ್ಮೆಯಿಂದ ಹೇಳುವುದನ್ನು ಮದುವೆಯ ಮನೆಗಳಲ್ಲಿ ಕೇಳುತ್ತೇವೆ. ಆ ಲೆಕ್ಕದಿಂದ ಯಾರ ಹಸಿವು ಹಿಂಗಿತೆಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ಪಡೆದ ವಿದ್ಯೆಯನ್ನು ಲೋಕದ ಮುಂದೆ ಸಲ್ಲಿಸುವವರೆಗೆ ಕಾಯಕವು ಉದ್ಯೋಗ ಮಾತ್ರ.

ಇನ್ನೊಂದು ಮಾತು ನಮ್ಮ ಸಂಘಸಂಸ್ಥೆಗಳಿಗೆ ಸಲ್ಲತಕ್ಕದ್ದು. ವಿದ್ಯಾರ್ಥಿಗಳಿಗೆ ನೆರವು ಕೊಡುವಾಗ ವೇದಿಕೆಗೆ ಕರೆದು, ಹಾರ ಹಾಕಿಸಿಕೊಂಡು, ಬಡ ಹುಡುಗನ ಕೈಯಲ್ಲಿ ಲಕೋಟೆಯಿಡುವ ಚಿತ್ರ ತೆಗೆಸುವ ವಾಡಿಕೆ ಬೆಳೆದಿದೆ. ಅಲ್ಲಿ ಕೊಡುವ ಕೈ ಬಹಳ ಮೇಲಿರುತ್ತದೆ. ಆ ಹುಡುಗನ ಕಣ್ಣು ಎಲ್ಲಿರುತ್ತದೆಂಬುದನ್ನು ದಾನಿಗಳು ಒಮ್ಮೆ ನೋಡಬೇಕು. ಲೆಕ್ಕವನ್ನು ಬಹಿರಂಗವಾಗಿ ಓದಿರಿ, ನೆರವನ್ನು ಮೌನವಾಗಿ ಕೊಡಿರಿ. ಈಗ ನಡೆಯುತ್ತಿರುವುದು ಬಹುಮಟ್ಟಿಗೆ ಇದಕ್ಕೆ ವಿಪರೀತ.

ರಾಯರು ವಿಶ್ವಸಭೆಯಲ್ಲಿ ಕೇಳಿದ ಪ್ರಶ್ನೆಗೆ ಜಗತ್ತು ಅರ್ಧ ಉತ್ತರವನ್ನು ಮಾತ್ರ ಕೊಟ್ಟಿದೆ. ಉಳಿದರ್ಧವು ದೊಡ್ಡ ರಾಷ್ಟ್ರಗಳಿಂದಲೇ ಬರಬೇಕೆಂದು ಕಾಯಬೇಕಾಗಿಲ್ಲ. ಅಳೆದು ಇರಿಸಿಕೊಳ್ಳುವ, ಹೆಚ್ಚಾದುದನ್ನು ಅಹಂಕಾರವಿಲ್ಲದೆ ಮರಳಿಸುವ ಲಕ್ಕಮ್ಮನ ಮನೆ ಹನ್ನೆರಡನೆಯ ಶತಮಾನದಲ್ಲಿ ಒಂದಿತ್ತು. ಅಂಥ ಮನೆಗಳು ನಮ್ಮ ಬೀದಿಗೊಂದಾದರೂ ಆಗಲೆಂದು ಹಾರೈಸುತ್ತೇವೆ.